ಕಲಾಯಿ ಮಾಡುವವನನ್ನು ಮ್ಯಾನೇಜರ್ ಎಂದು ಬರೆದವನು ನಾನು

ಗಂಡ ಹೆಂಡತಿ ಒಂದೇ ಸೂರಿನಡಿ ಬದುಕಬಹುದೋ ಬಾರದೋ ಎಂದು ಮೇಜಿನ ಮುಂದೆ ಕೂತು ತೀರ್ಮಾನಿಸುವ ವೀಸಾ ಅಧಿಕಾರಿಗಳಿಗೆ,

ಮಾನ್ಯರೇ, ನೀವು ಶಿಕ್ಷೆ ಕೊಟ್ಟದ್ದು ತಪ್ಪು ಮಾಡದವರಿಗೆ. ನನ್ನ ಮಗಳು ಉಮೆಸಲ್ಮಾ ನಿಮ್ಮ ದೇಶದಲ್ಲಿರುವ ತನ್ನ ಗಂಡ ಮುನಾವರನ ಬಳಿಗೆ ಹೋಗಲು ಹಾಕಿದ್ದ ಅರ್ಜಿಯನ್ನು ಕಳೆದ ಫೆಬ್ರುವರಿಯಲ್ಲಿ ತಿರಸ್ಕರಿಸಿದಿರಿ. ಅಷ್ಟು ಸಾಲದೆಂದು, ಇನ್ನು ಐದು ವರ್ಷ ಮತ್ತೆ ಅರ್ಜಿ ಹಾಕಕೂಡದೆಂದೂ ಬರೆದಿರಿ. ಕಾರಣ: 'ಗಂಡನ ಉದ್ಯೋಗ ಮತ್ತು ಆದಾಯದ ಬಗ್ಗೆ ಸುಳ್ಳು ಮಾಹಿತಿ.' ಸುಳ್ಳು ಇದ್ದದ್ದು ನಿಜ. ಆದರೆ ಅದನ್ನು ಹೇಳಿದವನು ಮುನಾವರನಲ್ಲ, ಹೇಳಿದವಳು ಉಮೆಸಲ್ಮಾಳೂ ಅಲ್ಲ. ಹೇಳಿದವನು ನಾನು, ಅವಳ ತಂದೆ, ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸಿ ಸುರಪುರದಲ್ಲಿ ಮನೆ ಕಟ್ಟಿಕೊಂಡು ಪಿಂಚಣಿ ಉಣ್ಣುತ್ತಿರುವ ಲಾಡ್ಲೇಸಾಬ.

ನಿಮಗೆ ಕನ್ನಡ ಬಾರದೆಂದು ನನಗೆ ಗೊತ್ತು. ಇದರ ಇಂಗ್ಲಿಷ್ ಪ್ರತಿಯನ್ನು ನಮ್ಮ ಮೇಲ್ಮನವಿಯ ಕಡತಕ್ಕೆ ಸೇರಿಸಲೆಂದು ನಿಮಗೆ ಬೇರೆಯಾಗಿ ಕಳಿಸಿದ್ದೇನೆ. ಹಾಗಿದ್ದರೂ ಕನ್ನಡದಲ್ಲಿ, ನಮ್ಮ ಜಿಲ್ಲೆಯ ಪತ್ರಿಕೆಯಲ್ಲಿ, ಎಲ್ಲರೂ ಓದುವಂತೆ ಬರೆಯುವುದಕ್ಕೆ ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಮುನಾವರನ ಕಸುಬಿನ ಮಾತು, ಏಕೆಂದರೆ ನಿಮ್ಮ ನಮೂನೆಯಲ್ಲಿ ಅದಕ್ಕೆ ಖಾನೆಯೇ ಇಲ್ಲ. ಅವನ ತಂದೆ ಅಲ್ಲಾಬಕ್ಷ ಕೆಂಭಾವಿಯ ಸಂತೆಯಲ್ಲಿ ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವವರು. ಪಾತ್ರೆಯನ್ನು ಬೂದಿ ಹುಣಸೆಹಣ್ಣು ಹಚ್ಚಿ ತಿಕ್ಕಿ, ಇದ್ದಿಲ ಬೆಂಕಿಯಲ್ಲಿ ಕಾಯಿಸಿ, ನವಸಾಗರ ಉದುರಿಸಿ, ತವರ ಮುಟ್ಟಿಸಿ, ಅರಳೆಯಿಂದ ಒಮ್ಮೆ ಸುತ್ತ ಒರೆಸಿದರೆ ಒಳಮೈ ಬೆಳ್ಳಿಯಂತೆ ಬೆಳಗುತ್ತದೆ. ಮುನಾವರ ಕೆಂಭಾವಿಯ ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿ. ಒಂಬತ್ತು ವರ್ಷಗಳ ಹಿಂದೆ ಒಂದು ಹೋಟೆಲಿನ ಅಡುಗೆಮನೆಯ ಕೆಲಸಕ್ಕೆಂದು ನಿಮ್ಮ ದೇಶಕ್ಕೆ ಹೋದ. ಅಲ್ಲಿ ಸವೆದು ಮೂಲೆ ಸೇರಿದ್ದ ತಾಮ್ರದ ಹಂಡೆಗಳಿಗೆ ಇವನು ಕಲಾಯಿ ಹಾಕಿದ್ದನ್ನು ನೋಡಿ ಬೇರೆ ಹೋಟೆಲಿನವರು ಕರೆದರು, ಹಳೆಯ ಮನೆಗಳವರು ಅಜ್ಜಿಯರ ಪಾತ್ರೆ ತಂದರು. ಅವನಿಗೆ ನಿಮ್ಮಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿ ಸಿಕ್ಕಿತು. ಆಮೇಲೆ ಆ ಹೋಟೆಲು ಮುಚ್ಚಿತು. ಮುನಾವರ ಮುಚ್ಚಲಿಲ್ಲ, ಒಂದು ಸಣ್ಣ ಶೆಡ್ಡು ಹಿಡಿದು ಅಪ್ಪನ ಕಸುಬನ್ನೇ ಮಾಡಿಕೊಂಡು ಬದುಕಿದ. ಹಬ್ಬ, ಮದುವೆಗಳ ಮುಂಚೆ ಕೈತುಂಬ ಕೆಲಸ. ಚಳಿಗಾಲದ ಎರಡು ತಿಂಗಳು ಒಂದು ಲೋಟವೂ ಬರುವುದಿಲ್ಲ.

ಎರಡು ವರ್ಷದ ಹಿಂದೆ ಅವನು ಊರಿಗೆ ಬಂದಾಗ ಸಂಬಂಧದ ಮಾತು ಬಂತು. ಉಮೆಸಲ್ಮಾ ಅವನೊಡನೆ ಅರ್ಧ ಗಂಟೆ ಮಾತಾಡಿ ಒಳಗೆ ಬಂದು ತಾಯಿಗೆ "ಇವರೇ ಇರಲಿ" ಎಂದಳು. ನಾನು ಹುಡುಗನ ಗುಣ ಬಲ್ಲವನು, ಒಪ್ಪಿದೆ. ಒಪ್ಪಿದ್ದು ಬಾಯಿ ಮಾತ್ರ. ಸಂತೆಯಲ್ಲಿ ತಿದಿ ಊದುವವರ ಮನೆಗೆ ಬಿ.ಎಸ್ಸಿ. ಓದಿದ ಮಗಳನ್ನು ಕೊಟ್ಟೆನೆಂದು ಸಹೋದ್ಯೋಗಿಗಳು ಅಂದಾರು ಎಂಬ ಅಳುಕು ಒಳಗೆ ಕೂತೇ ಇತ್ತು. ಯಾದಗಿರಿಯ ಪ್ರೆಸ್ಸಿನಲ್ಲಿ ಮುನ್ನೂರು ಕಾರ್ಡು ಅಚ್ಚು ಹಾಕಿಸುವಾಗ, ಯಾರನ್ನೂ ಕೇಳದೆ, ಮದುಮಗನ ಹೆಸರಿನ ಕೆಳಗೆ 'ಮ್ಯಾನೇಜರ್' ಎಂದು ಬರೆಸಿ, ಬಾಗಿಲು ಹಾಕಿ ವರ್ಷವಾಗಿದ್ದ ಆ ಹೋಟೆಲಿನ ಹೆಸರನ್ನೂ ಸೇರಿಸಿದೆ.

ಕಾರ್ಡು ಕೈಗೆ ಬಂದಾಗ ಮುನಾವರ ನಮ್ಮ ಮನೆಗೆ ಬಂದ. ಅಳಿಯನಾಗುವವನಾದರೂ ಅವನಿಗೆ ನಾನು ಇಂದಿಗೂ 'ಸರ'ನೇ.

"ಸರ, ನನ್ನ ಹೆಸರಿನ ಕೆಳಗ ಮ್ಯಾನೇಜರ್ ಅಂತ ಬಿದ್ದದ್ರಿ. ಪ್ರೆಸ್ಸಿನವ್ರು ತಪ್ಪು ಮಾಡ್ಯಾರೇನ್ರಿ?"

"ತಪ್ಪಲ್ಲಪಾ. ಮಂದಿ ಕೇಳ್ತಾರ. ಏನರ ಒಂದು ಹೇಳ್ಬೇಕಲ್ಲ?"

ಅವನು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ, "ನಮ್ಮ ಅಬ್ಬಾಗ ಓದಾಕ ಬರಂಗಿಲ್ಲ. ಛಲೋ ಆತು ಬಿಡ್ರಿ" ಎಂದು ಎದ್ದು ಹೋದ.

ಆ ಮಾತಿಗೆ ನನಗೆ ಅಂದು ನಾಚಿಕೆಯಾಗಲಿಲ್ಲ, ಸಮಾಧಾನವಾಯಿತು. ಮಾನ್ಯರೇ, ನನ್ನ ಅಪರಾಧದ ತಾರೀಖು ಬೇಕಿದ್ದರೆ ಅಲ್ಲಿಂದ ಬರೆದುಕೊಳ್ಳಿ.

ನಿಕಾಹ್ ಆಯಿತು. ಮುನಾವರ ಹಿಂದಿರುಗಿ ಹೋದ. ಉಮೆಸಲ್ಮಾ ಖಾಸಗಿ ಶಾಲೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ಅರ್ಜಿ ಹಾಕಿದಳು. ಮದುವೆಗೆ ಸಾಕ್ಷಿಯಾಗಿ ನಿಕಾಹ್‌ನಾಮೆ, ಫೋಟೋ, ಕಾರ್ಡು. ಕಾರ್ಡಿನ 'ಮ್ಯಾನೇಜರ್' ಪ್ರೆಸ್ಸಿನವರ ತಪ್ಪೆಂದು ಅವಳಿಗೆ ಹೇಳಿದ್ದೆ. ಆದಾಯಕ್ಕೆ ಸಾಕ್ಷಿಯಾಗಿ ಮುನಾವರನ ಅರವತ್ತಮೂರು ಬಿಲ್ಲು, ಬ್ಯಾಂಕಿನ ಪಟ್ಟಿ, ತೆರಿಗೆಯ ಕಾಗದ. ವರ್ಷದ ಮೊತ್ತ ನೀವು ಕೇಳಿದ್ದಕ್ಕಿಂತ ಹೆಚ್ಚೇ ಇತ್ತು. ಆದರೆ ನಿಮ್ಮಿಂದ ಬಂದ ಪತ್ರದಲ್ಲಿ ಇದ್ದದ್ದು: 'ಪ್ರತಿ ತಿಂಗಳ ಆದಾಯ ಸಮನಾಗಿಲ್ಲ. ಎರಡು ತಿಂಗಳು ಆದಾಯವೇ ಕಾಣುತ್ತಿಲ್ಲ. ಇಪ್ಪತ್ತೆಂಟು ದಿನಗಳೊಳಗೆ ವಿವರಣೆ ನೀಡಿ.'

ಸಮನಾಗಿಲ್ಲ! ಮಾನ್ಯರೇ, ನಿಮ್ಮ ಮೇಜಿನ ಆಚೆಗೆ ಯಾರ ಆದಾಯ ಸಮನಾಗಿದೆ? ನಮ್ಮ ಸೀಮೆಯಲ್ಲಿ ಹತ್ತಿ ಒಡೆದಾಗ ಬಿಡಿಸುವವಳಿಗೆ ಕೂಲಿ, ತೊಗರಿ ರಾಶಿಯ ಕಾಲಕ್ಕೆ ರಾಶಿ ಮಾಡುವವನಿಗೆ ಕಾಳು. ಬ್ಯಾಂಡಿನವನಿಗೆ ಲಗ್ನದ ತಿಂಗಳಲ್ಲಿ ಉಸಿರು ತೆಗೆಯಲು ಬಿಡುವಿಲ್ಲ, ಆಷಾಢದಲ್ಲಿ ಅವನ ಕೊಂಬು ಗೋಡೆಯ ಮೇಲೆ. ಭೀಮರಾಯನಗುಡಿಯ ಕಾಲುವೆಯ ನೀರು ಕೂಡ ಪಾಳಿಯ ಮೇಲೆ ಬರುತ್ತದೆ. ಪಾಳಿ ಇಲ್ಲದ ದಿನ ಕಾಲುವೆ ಒಣಗಿತ್ತೆಂದು ಆ ಹೊಲಕ್ಕೆ ನೀರಾವರಿಯೇ ಇಲ್ಲವೆಂದು ಬರೆಯುತ್ತೀರಾ? ಲೋಕದಲ್ಲಿ ಬಹುಪಾಲು ಮಂದಿ ದುಡಿಯುವುದು ಕೆಲಸ ಕರೆದಾಗ, ಬದುಕುವುದು ಮಾತ್ರ ಪ್ರತಿದಿನ. ಈ ಎರಡರ ನಡುವಿನ ಜಾಣತನವನ್ನೇ ಸಂಸಾರ ಎನ್ನುತ್ತಾರೆ. ಅದನ್ನು ಅಳೆಯುವ ಗೆರೆ ನಿಮ್ಮ ನಮೂನೆಯಲ್ಲಿ ಎಲ್ಲಿದೆ?

ಇಷ್ಟು ಚೆನ್ನಾಗಿ ವಾದಿಸುವ ನಾನು ಅಂದೇ ಏಕೆ ಹೀಗೆ ಬರೆಯಲಿಲ್ಲ ಎಂದು ಕೇಳಿ. ಕೇಳಲೇಬೇಕು. ಮುನಾವರನೇ ನನಗಿಂತ ಚೆನ್ನಾಗಿ ಬರೆದಿದ್ದ. ಇಂಗ್ಲಿಷಿನಲ್ಲಿ ಎರಡು ಪುಟದ ವಿವರಣೆ, ಜೊತೆಗೆ ನನಗೆಂದು ಅದರ ಕನ್ನಡ ಪ್ರತಿ. 'ಹಬ್ಬಕ್ಕೆ ಮೊದಲು ಪಾತ್ರೆಗಳು ಬರುತ್ತವೆ. ಚಳಿಗಾಲದಲ್ಲಿ ಬರುವುದಿಲ್ಲ. ಬಾರದ ಎರಡು ತಿಂಗಳಿಗೆ ಬೇಕಾದದ್ದನ್ನು ಬರುವ ತಿಂಗಳಲ್ಲೇ ತೆಗೆದಿಡುತ್ತೇನೆ. ಈವರೆಗೆ ಒಂದು ಸಲವೂ ಬಾಡಿಗೆ ತಪ್ಪಿಸಿಲ್ಲ. ಇದು ನಮ್ಮ ತಂದೆಯ ಕಸುಬು.' ಕೆಳಗೆ ಪೆನ್ನಿನಿಂದ, 'ಸರ್, ತಪ್ಪಿದ್ದರೆ ತಿದ್ದಿ ಕಳಿಸಿರಿ' ಎಂದಿತ್ತು.

ಆ ವಾರ ಉಮೆಸಲ್ಮಾ ಟೈಫಾಯ್ಡ್ ಹಿಡಿದು ಮಲಗಿದ್ದಳು. ಗಡುವಿಗೆ ನಾಲ್ಕು ದಿನ ಉಳಿದಿತ್ತು. ಹಾಸಿಗೆಯಿಂದಲೇ ಲಕೋಟೆ ನನ್ನ ಕೈಗಿಟ್ಟು, "ಅಬ್ಬಾ, ಶಹಾಪುರದಾಗ ಶಹಬಾಜನ ಕಂಪ್ಯೂಟರ್ ಅಂಗಡ್ಯಾಗ ಸ್ಕ್ಯಾನ್ ಮಾಡಿಸಿ ಕಳಿಸಿಬಿಡ್ರಿ. ನಿಮ್ಮ ಕೈಯಾಗ ಕೊಟ್ಟೀನಂದ್ರ ನನಗ ಚಿಂತಿ ಇಲ್ಲ" ಎಂದಳು.

ಬಸ್ಸಿನಲ್ಲಿ ಆ ಪತ್ರವನ್ನು ಮೂರು ಸಲ ಓದಿದೆ. ಒಂದೂ ಕಾಗುಣಿತದ ತಪ್ಪಿರಲಿಲ್ಲ. ತಪ್ಪು ಇದ್ದದ್ದು ಮೊದಲೇ ನಿಮ್ಮ ಕೈ ಸೇರಿದ್ದ ಕಾರ್ಡಿನಲ್ಲಿ. ಕಾರ್ಡು ಮ್ಯಾನೇಜರ್ ಎನ್ನುತ್ತದೆ, ಪತ್ರ ಕಲಾಯಿ ಎನ್ನುತ್ತದೆ; ಎರಡನ್ನೂ ಪಕ್ಕಪಕ್ಕ ಇಟ್ಟರೆ ಹುಡುಗನೇ ಸುಳ್ಳನಾಗುತ್ತಾನೆ ಎಂದು ಹೆದರಿದೆ. ಹೆದರಿದವನು ಮಾಡಬೇಕಾದದ್ದು ಒಂದೇ ಇತ್ತು: ಕಾರ್ಡಿನಲ್ಲಿ ಸುಳ್ಳು ಬರೆಸಿದವನು ನಾನು ಎಂದು ನಾಲ್ಕು ಸಾಲು ಬರೆದು ಸಹಿ ಹಾಕುವುದು. ಆದರೆ ಆ ನಾಲ್ಕು ಸಾಲನ್ನು ಮಗಳು ಓದುತ್ತಾಳಲ್ಲ! ಶಹಾಪುರದಲ್ಲಿ ಇಳಿದವನು ಕಂಪ್ಯೂಟರ್ ಅಂಗಡಿಗೆ ಹೋಗಲಿಲ್ಲ. ತಹಶೀಲ್ ಕಚೇರಿಯ ಎದುರು ಬಾಂಡ್ ಬರೆಯುವ ರಂಗಣ್ಣನ ಹತ್ತಿರ ಹೋಗಿ, ನನ್ನ ಅಳಿಯ ಇಂಥ ಹೋಟೆಲಿನಲ್ಲಿ ಕಾಯಂ ಮ್ಯಾನೇಜರ್, ತಿಂಗಳಿಗೆ ಇಂತಿಷ್ಟು ಸಂಬಳ, ಕಲಾಯಿಯ ಬಿಲ್ಲುಗಳು ಬಿಡುವಿನ ವೇಳೆಯ ಕೆಲಸದವು ಎಂದು ಪ್ರಮಾಣಪತ್ರ ಬರೆಸಿದೆ.

ರಂಗಣ್ಣ ಟೈಪು ಮಾಡುತ್ತ ನಿಲ್ಲಿಸಿ ಕೇಳಿದ, "ಮಾಸ್ತರ್ರ, ಹೋಟೆಲಿನವರ ಕಾಗದ ಏನರ ಅದ ಏನ್ರಿ?"

"ನನ್ನ ಮಾತು ಸಾಲದೇನೋ?"

"ಅಯ್ಯ, ನಿಮ್ಮ ಮಾತ ಸಾಲದಂತ ಹ್ಯಾಂಗ ಅನ್ಲಿ? ನನ್ನ ಮಕ್ಕಳಿಗಿ ಅಕ್ಷರ ಕಲಿಸಿದವ್ರು ನೀವು" ಎಂದು ನಾಚಿಕೊಂಡು ಮುಂದೆ ಬಡಿದ. ಮೂವತ್ತೊಂದು ವರ್ಷ ಗಳಿಸಿದ ಒಳ್ಳೆಯ ಹೆಸರನ್ನು ಆ ಮಧ್ಯಾಹ್ನ ಹದಿನೈದು ನಿಮಿಷದಲ್ಲಿ ಖರ್ಚು ಮಾಡಿದೆ. ನೋಟರಿಯ ಮುದ್ರೆ ಬಿತ್ತು. ಇಂಗ್ಲಿಷ್ ಅನುವಾದವನ್ನೂ ಮಾಡಿಸಿ, ಮುನಾವರನ ಪತ್ರವನ್ನು ಮಡಚಿ ಜೇಬಿಗಿಟ್ಟು, ಶಹಬಾಜನ ಅಂಗಡಿಯಿಂದ ನನ್ನ ಕಾಗದ ಕಳಿಸಿದೆ. ಅಷ್ಟು ದೂರದ ಹೋಟೆಲಿನ ಮುಚ್ಚಿದ ಬಾಗಿಲನ್ನು ಯಾರು ಬಡಿದು ನೋಡುತ್ತಾರೆ ಎಂದುಕೊಂಡೆ.

ನೀವು ಬಡಿದಿರಿ. ಅದು ನಿಮ್ಮ ಕರ್ತವ್ಯ, ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಇಲ್ಲಿ: ಅರವತ್ತಮೂರು ಖರೆ ಬಿಲ್ಲುಗಳನ್ನು ಎದುರಿಗಿಟ್ಟಾಗ ನಿಮಗೆ ಸಂಶಯ ಬಂತು, ಮುದ್ರೆ ಬಿದ್ದ ಒಂದು ಸುಳ್ಳಿನ ಪುಟ ಬಂದಾಗ ಮಾತ್ರ ನೀವು ಫೋನು ಎತ್ತಿದಿರಿ. ಅದನ್ನೂ ಹೋಟೆಲಿಗೆ ಎತ್ತಿದಿರಿ, ಮುನಾವರನಿಗೆ ಎತ್ತಲಿಲ್ಲ. ಅವನ ಶೆಡ್ಡಿಗೆ ಒಂದು ಕರೆ ಮಾಡಿ 'ಏನಪ್ಪಾ, ನಿನ್ನ ಮಾವ ಹೀಗೆ ಬರೆದಿದ್ದಾನೆ, ನಿಜವೇ?' ಎಂದು ಕೇಳಿದ್ದರೆ, ಅವನು ನಿಜವನ್ನೇ ಹೇಳುತ್ತಿದ್ದ. ಸುಳ್ಳನ್ನು ಹುಡುಕಲು ನಿಮಗಿದ್ದ ಉತ್ಸಾಹದಲ್ಲಿ ಕಾಲು ಪಾಲು ನಿಜವನ್ನು ಹುಡುಕಲು ಏಕಿರಲಿಲ್ಲ?

ನಿಮ್ಮ ತಿರಸ್ಕಾರದ ಪತ್ರದಲ್ಲಿ ಸುಳ್ಳು ಯಾರದೆಂಬುದು ಇರಲಿಲ್ಲ. 'ಗಂಡನ ಉದ್ಯೋಗದ ಬಗ್ಗೆ' ಎಂಬ ಮಾತು, ಮುಚ್ಚಿದ ಆ ಹೋಟೆಲಿನ ಹೆಸರು, ಇಷ್ಟೇ ಇತ್ತು. ಉಮೆಸಲ್ಮಾ ಅದನ್ನು ನಿಂತಲ್ಲೇ ಓದಿದಳು. ನಾವು ಮನೆಯಲ್ಲಿ ದಖ್ಖನಿ ಉರ್ದು ಆಡುತ್ತೇವೆ, ಮೇಲೆ ಬರೆದ ಅವಳ ಮಾತುಗಳು ನನ್ನ ಅನುವಾದ. ಸಿಟ್ಟು ಬಂದರೆ ಮಾತ್ರ ಅವಳು ಕನ್ನಡಕ್ಕೆ ಬರುತ್ತಾಳೆ. ಅಂದು ಫೋನಿನಲ್ಲಿ ಗಂಡನೊಡನೆ ಕನ್ನಡದಲ್ಲಿ ಮಾತಾಡಿದಳು. "ಹೋಟೆಲ್ ಅಂತ ಬರ್ದು ಕೊಟ್ಟೀರೇನು? ನನ್ನ ಮುಂದ ಒಂದು, ಅವರ ಮುಂದ ಒಂದಾ?" ಆ ಕಡೆಯಿಂದ ಅವನು ಏನು ಹೇಳಿದನೋ, "ನೀವಲ್ದಿದ್ರ ಮತ್ಯಾರು?" ಎಂದಳು. ಉತ್ತರ ಪಕ್ಕದ ಕೋಣೆಯಲ್ಲಿ, ಓದುವ ಕನ್ನಡಕ ಹಾಕಿಕೊಂಡು ಪೇಪರು ಹಿಡಿದು ಕೂತಿತ್ತು.

ಒಂಬತ್ತು ವಾರ ಹಾಗೆಯೇ ಕೂತೆ. ದಿನಾ ಬರುತ್ತಿದ್ದ ಕರೆಯನ್ನು ಅವಳು ವಾರಕ್ಕೊಮ್ಮೆ ಎತ್ತತೊಡಗಿದಳು, ಆಮೇಲೆ ಅದನ್ನೂ ಬಿಟ್ಟಳು. ನನ್ನ ಹೆಂಡತಿ ಖುರ್ಷೀದಬೇಗಂ, ನೀವಾದರೂ ಮಗಳಿಗೆ ಒಂದು ಮಾತು ಬುದ್ಧಿ ಹೇಳಿ ಎಂದು ನನ್ನನ್ನೇ ಕಳಿಸಿದಳು. ಹೋದೆ. ಹೋಗಿ ನಾನು ಹೇಳಿದ್ದನ್ನು ಕೇಳಿ, ಮಾನ್ಯರೇ: ಗಂಡಸರು ಒಮ್ಮೊಮ್ಮೆ ಹೆದರಿ ಸುಳ್ಳು ಹೇಳುತ್ತಾರೆ, ಕ್ಷಮಿಸಿಬಿಡು ತಾಯಿ ಎಂದೆ. ನನ್ನ ಪಾಪಕ್ಕೆ ಅವನ ಹೆಸರಿನಲ್ಲಿ ಕ್ಷಮೆ ಕೇಳಿದೆ! ಅವಳು ತಲೆ ಎತ್ತದೆ, "ಹೆದರಿದ್ರ ಹೆದರೀನಿ ಅಂತ ಹೇಳ್ಬೇಕಿತ್ತಬ್ಬಾ. ನಾ ಏನ್ ತಿಂತಿದ್ನಾ?" ಎಂದಳು. ಆಗಲಾದರೂ ಬಾಯಿ ಬಿಡಬಹುದಿತ್ತು. ಹೊರಗೆ ಬಂದು ಗಿಡಗಳಿಗೆ ನೀರು ಹಾಕಿದೆ.

ಏಪ್ರಿಲಿನ ಒಂದು ಬೆಳಿಗ್ಗೆ ಅಲ್ಲಾಬಕ್ಷ ಕೆಂಭಾವಿಯಿಂದ ಬಂದರು. ತೊಳೆದ ಬಿಳಿ ಅಂಗಿ, ತಲೆಗೆ ಟೋಪಿ, ಇದ್ದಿಲು ಕೂತು ಕಪ್ಪಾದ ಉಗುರು. ಕುರ್ಚಿ ತೋರಿಸಿದರೂ ಅಂಚಿನಲ್ಲಿ ಕೂತರು. ನನ್ನೊಡನೆ ಮಾತಾಡುವಾಗ ಅವರು ಮಗನಂತೆಯೇ ಕನ್ನಡಕ್ಕೆ ಬರುತ್ತಾರೆ, ಮಾಸ್ತರರೆಂಬ ಮರ್ಯಾದೆ.

"ಮಾಸ್ತರ್ರ, ನನ್ನ ಮಗ ಏನೋ ಸುಳ್ಳ ಬರ್ದಾನಂತ. ನನಗ ಕಾಗದ ತಿಳ್ಯಂಗಿಲ್ಲ. ಆದ್ರ ಸುಳ್ಳ ಅಂದ್ರ ತಿಳೀತದ. ನಾ ಕಲಿಸಿದ್ದಲ್ಲ ಅದು. ಎಲ್ಲಿ ಕಲ್ತನೋ! ಅವನ ಕಡಿಂದ ನಾ ಕೈ ಮುಗೀತೀನಿ, ಮಗಳಿಗಿ ಹೇಳಿ ಮಾಫ್ ಮಾಡಸ್ರಿ."

ಅವರು ನಿಜಕ್ಕೂ ಕೈ ಜೋಡಿಸಿದರು. ಆ ಕೈಗಳನ್ನು ನಾನು ಹಿಡಿದುಕೊಂಡೆ. "ಅವ ಬರ್ದಿಲ್ಲ, ಅಲ್ಲಾಬಕ್ಷ ಭಾಯಿ. ನಾ ಬರ್ದೀನಿ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಕಾರ್ಡಿನಿಂದ ಹಿಡಿದು ಪ್ರಮಾಣಪತ್ರದವರೆಗೆ ಎಲ್ಲವನ್ನೂ ಹೇಳಿದೆ. ಹೇಳುತ್ತಿದ್ದಂತೆ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತ ಉಮೆಸಲ್ಮಾ ಕಂಡಳು. ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಮತ್ತೆಂದೂ ಹೇಳುತ್ತಿರಲಿಲ್ಲ.

ಅವಳು ತಟ್ಟೆಯನ್ನು ಕೆಳಗಿಟ್ಟಳು, ಮಾವನಿಗೆ ಕಪ್ಪು ಕೊಟ್ಟಳು, ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು: "ಕಲಾಯಿ ಮಾಡವ್ರು ಅಂತ ಬರ್ಯಾಕ ನಾಚಿಕಿ ಬಂತು ನಿಮಗ. ಸುಳ್ಳ ಬರ್ಯಾಕ ಬರ್ಲಿಲ್ಲೇನು?"

ಅಲ್ಲಾಬಕ್ಷ ನನ್ನನ್ನು ಬಯ್ಯಲಿಲ್ಲ. "ಚಹಾ ಆರ್ತದ, ಕುಡೀರಿ" ಎಂದರು. ಮಧ್ಯಾಹ್ನದ ಬಸ್ಸಿಗೆ ಉಮೆಸಲ್ಮಾ ಬಟ್ಟೆಯ ಚೀಲ ಹಿಡಿದು ಮಾವನ ಜೊತೆ ಕೆಂಭಾವಿಗೆ ಹೊರಟಳು. ಹೊಸ್ತಿಲು ದಾಟುವಾಗ ಹೇಳಿದ್ದು ಇಷ್ಟು: "ಮುನ್ನೂರು ಮನಿಗೆ ಮ್ಯಾನೇಜರ್ ಅಂತ ಹಂಚೀರಿ. ಖರೇದ್ದೂ ಅಷ್ಟೇ ಮನಿಗೆ ಮುಟ್ಟಿಸ್ರಿ." ಈ ಪತ್ರ ಪತ್ರಿಕೆಯಲ್ಲಿ ಬರುತ್ತಿರುವುದು ಅದಕ್ಕೆ.

ಮರುವಾರವೇ ಶಹಾಪುರಕ್ಕೆ ಹೋಗಿ ರಂಗಣ್ಣನಿಂದ ತಪ್ಪೊಪ್ಪಿಗೆಯ ಪ್ರಮಾಣಪತ್ರ ಬರೆಸಿದೆ. ಈ ಸಲ ಅವನು ನನ್ನ ಮಾತನ್ನು ನಂಬಿ ಬರೆಯಲಿಲ್ಲ. ಒಂದೊಂದು ಸಾಲನ್ನೂ ನನ್ನಿಂದಲೇ ಗಟ್ಟಿಯಾಗಿ ಓದಿಸಿ, ಅಕ್ಕಪಕ್ಕದವರು ಕೇಳುತ್ತಿದ್ದಂತೆ ಮುದ್ರಿಸಿದ. ಸರಿಯಾಗಿಯೇ ಮಾಡಿದ. ಅದನ್ನೂ, ನನ್ನ ಜೇಬಿನಲ್ಲಿ ಮಡಿಕೆ ಸವೆದುಹೋದ ಮುನಾವರನ ಮೂಲ ಪತ್ರವನ್ನೂ ಮೇಲ್ಮನವಿಗೆ ಲಗತ್ತಿಸಿದ್ದೇವೆ. ಎರಡು ತಿಂಗಳಾಯಿತು, ನಿಮ್ಮಿಂದ 'ಸ್ವೀಕರಿಸಲಾಗಿದೆ' ಎಂಬ ಒಂದು ಪದ ಬಿಟ್ಟರೆ ಬೇರೇನೂ ಇಲ್ಲ.

ಹೋದ ವಾರ ಕೆಂಭಾವಿಗೆ ಹೋಗಿದ್ದೆ. ಉಮೆಸಲ್ಮಾ ನೀರು ಕೊಟ್ಟಳು, ಊಟ ಹಾಕಿದಳು, ನನ್ನೊಡನೆ ಮಾತಾಡಲಿಲ್ಲ. ಮುನಾವರನ ಕರೆ ಬಂತು. ಇಬ್ಬರೂ ನಗುತ್ತ ಮಾತಾಡಿದರು. ಕೊನೆಗೆ ಫೋನನ್ನು ನನ್ನ ಮುಂದೆ ಹಿಡಿದಳು.

"ಸರ, ಆರಾಮ ಇದ್ದೀರೇನ್ರಿ?" ಎಂದ ಮುನಾವರ.

ನಾನು ನೇರವಾಗಿ ಕೇಳಿದೆ. "ನಾ ಬರ್ದದ್ದು ಅಂತ ನಿನಗ ಮೊದಲೇ ಗೊತ್ತಿತ್ತೇನಪಾ?"

"ಗೊತ್ತಿತ್ರಿ. ಹೋಟೆಲಿನ ಹೆಸರು ಕೇಳಿದ ಕೂಡ್ಲೇ ಗೊತ್ತಾತು."

"ಮತ್ತ ಆಕಿಗಿ ಯಾಕ ಹೇಳಲಿಲ್ಲ?"

"ನನ್ನ ಮ್ಯಾಲಿನ ಸಿಟ್ಟು ಒಂದಿನ ಇಳೀತದ್ರಿ ಸರ. ನಿಮ್ಮ ಮ್ಯಾಲ ಸಿಟ್ಟಾದ್ರ ಆಕಿಗಿ ತವರುಮನಿ ಇಲ್ದಂಗ ಆಗ್ತದ. ನಾ ಅಷ್ಟು ದೂರ ಇದ್ದು, ಆಕಿ ಎಲ್ಲಿಗಿ ಹೋಗ್ಬೇಕ್ರಿ?"

ಮಾನ್ಯರೇ, ನೀವು ಸುಳ್ಳುಗಾರನೆಂದು ಕಡತದಲ್ಲಿ ಬರೆದಿಟ್ಟಿರುವುದು ಈ ಮನುಷ್ಯನನ್ನು. ಆದಾಯ ಸಮನಾಗಿಲ್ಲವೆಂದು ಹೆಂಡತಿಯನ್ನು ಸಾಕಲಾರನೆಂದು ಶಂಕಿಸಿದ್ದು ಇವನನ್ನು. ತಿಂಗಳ ಕೊನೆಗೆ ತಪ್ಪದೆ ಸಂಬಳ ಎಣಿಸಿದವನು ನಾನು. ನಾನು ಮಗಳನ್ನು ಕಾಪಾಡಿದ ಪರಿ ಎಂಥದೆಂದು ಮೇಲೆ ಓದಿದ್ದೀರಿ.

ಆದ್ದರಿಂದ ನನ್ನ ಬೇಡಿಕೆ. ಉಮೆಸಲ್ಮಾ ಮತ್ತು ಮುನಾವರರ ಮೇಲಿನ ಐದು ವರ್ಷದ ನಿಷೇಧವನ್ನು ತೆಗೆದುಹಾಕಿ. ಆ ಅರವತ್ತಮೂರು ಬಿಲ್ಲುಗಳನ್ನು ತಿಂಗಳ ಗೆರೆ ಎಳೆಯದೆ, ಒಂದು ಇಡೀ ವರ್ಷದ ದುಡಿಮೆಯೆಂದು ಓದಿ. ಸಂಶಯ ಬಂದರೆ ಅವನ ಶೆಡ್ಡಿಗೆ ಹೋಗಿ ಒಂದು ಪಾತ್ರೆಗೆ ಕಲಾಯಿ ಹಾಕಿಸಿ ನೋಡಿ. ಕೆಲಸ ಬಂದಾಗ ದುಡಿಯುವವರಿಗೆಂದು ನಿಮ್ಮ ನಮೂನೆಯಲ್ಲಿ ಒಂದು ಕಲಮು ಸೇರಿಸಿ. ಹೆದರಿ ಸುಳ್ಳು ಹೇಳುವ ಅಪ್ಪಂದಿರು ಕಡಿಮೆಯಾದಾರು. ಶಿಕ್ಷೆಯ ಖಾನೆಯಲ್ಲಿ ಒಂದು ಹೆಸರು ಇರಲೇಬೇಕೆಂದರೆ ನನ್ನದನ್ನು ಬರೆಯಿರಿ. ಮಗಳು ಅಲ್ಲಿ ಮನೆ ಹೂಡಿ, ನಾಳೆ ಮೊಮ್ಮಕ್ಕಳಾದರೂ, ನಾನು ನಿಮ್ಮ ದೇಶಕ್ಕೆ ಕಾಲಿಡಕೂಡದೆಂದು ಆದೇಶ ಹೊರಡಿಸಿ. ಅದರ ವಿರುದ್ಧ ನಾನು ಮೇಲ್ಮನವಿ ಹಾಕುವುದಿಲ್ಲ.

ಇಂತಿ,
ಮಕ್ಕಳ ತಪ್ಪುಗಳಿಗೆ ಕೆಂಪು ಗೆರೆ ಎಳೆಯುತ್ತಲೇ ಮುದುಕನಾಗಿ, ತನ್ನ ತಪ್ಪನ್ನು ಒಂಬತ್ತು ವಾರ ಜೇಬಿನಲ್ಲಿಟ್ಟುಕೊಂಡು ಓಡಾಡಿದ,
ಲಾಡ್ಲೇಸಾಬ
ನಿವೃತ್ತ ಕನ್ನಡ ಶಿಕ್ಷಕ, ಸುರಪುರ
(ಕೆಂಭಾವಿಯ ಕಲಾಯಿ ಅಲ್ಲಾಬಕ್ಷರ ಬೀಗ)